64 ಶ್ಯಾಕಲ್ ಒಯ್ದೆವು, ಗೇಟಿನೊಳಗೆ ಹೋದದ್ದು 21

ವಾಡಿ, ಶಹಾಬಾದ್, ಸೇಡಂ ಸುತ್ತಿನ ಸಿಮೆಂಟ್ ಕಾರ್ಖಾನೆಗಳಲ್ಲಿ ಮಳೆಗಾಲ ಎಂದರೆ ಶಟ್‌ಡೌನ್ ಕಾಲ. ಸಿಮೆಂಟಿಗೆ ಗಿರಾಕಿ ಕಮ್ಮಿಯಿರುವ ಹೊತ್ತು ನೋಡಿ ಕಿಲ್ನ್, ಅಂದರೆ ಸುಡುವ ಕುಲುಮೆ, ನಿಲ್ಲಿಸುತ್ತಾರೆ. ಒಳಗಿನ ಇಟ್ಟಿಗೆ ಬದಲಿಸುವುದು, ಫ್ಯಾನು, ಗೇರ್‌ಬಾಕ್ಸು ಇಳಿಸಿ ಏರಿಸುವುದು ಎಲ್ಲ ಆಗಲೇ. ನಮ್ಮದು ಹನ್ನೊಂದು ಜನರ ಖಲಾಸಿ ಗ್ಯಾಂಗು, ಭಾರ ಎತ್ತಿ ಇಳಿಸುವವರು. ಈ ಸಲ ಸಿಕ್ಕಿದ್ದು ಕಲ್ಲಿದ್ದಲು ಅರೆಯುವ ಬಾಲ್ ಮಿಲ್ಲಿನ ಗೇರ್‌ಬಾಕ್ಸ್ ಬದಲಿಸುವ ಕೆಲಸ. ಹಳೆಯದನ್ನು ಎತ್ತಿ ಲಾರಿಗೆ ಹಾಕಬೇಕು, ಹೊಸದನ್ನು ತಂದು ಪೀಠದ ಮೇಲೆ ಕೂರಿಸಬೇಕು. ಕೆಲಸ ಮೂರು ದಿನದ್ದು. ಎತ್ತುವ ಸಾಮಾನು ಪಾಸು ಮಾಡಿಸಲಿಕ್ಕೆ ಹಿಡಿದದ್ದು ಹನ್ನೊಂದು ದಿನ. ತೊಡಕಾದದ್ದು ಶ್ಯಾಕಲ್: ಬಿಲ್ಲಿನಂತೆ ಬಾಗಿಸಿದ ಉಕ್ಕಿನ ಕೊಂಡಿ, ಅದರ ಎರಡು ತುದಿಯ ಕಿವಿಗಳಿಗೆ ಅಡ್ಡ ಪಿನ್ನು ಹಾಕಿ ಭಾರಕ್ಕೆ ಸ್ಲಿಂಗು, ಅಂದರೆ ಎತ್ತುವ ಹಗ್ಗ, ಸೇರಿಸುತ್ತಾರೆ. ಮುಂದಿನ ಶಟ್‌ಡೌನಿಗೆ ಹೊರಟಿರುವ ಗ್ಯಾಂಗಿನವರಿಗೆ ಈ ಹನ್ನೊಂದು ದಿನಗಳಲ್ಲಿ ಎಂಟಾದರೂ ಉಳಿಯಲಿ ಎಂದು ಬರೆದಿದ್ದು.

ಕಾರ್ಖಾನೆಯಿಂದ ಬಂದ ಕಾಗದದಲ್ಲಿ ಕೇಳಿದ್ದು ನಾಲ್ಕು: ಎತ್ತುವ ಸಾಮಾನಿನ ಪಟ್ಟಿ, ಒಂದೊಂದಕ್ಕೂ ಗುರುತಿನ ನಂಬರು, ತಯಾರಿಸಿದವರ ಟೆಸ್ಟ್ ಸರ್ಟಿಫಿಕೇಟು, ಹನ್ನೆರಡು ತಿಂಗಳೊಳಗಿನ ಕಾಂಪಿಟೆಂಟ್ ಪರ್ಸನ್ (ಸರಕಾರದ ಮಾನ್ಯತೆ ಇರುವ ತಪಾಸಕರು) ವರದಿ. ನಮ್ಮ ಹತ್ತಿರ ವರದಿ ಇತ್ತು, ಒಂಬತ್ತು ತಿಂಗಳ ಹಿಂದಿನದು. ಅದರಲ್ಲಿ ಶ್ಯಾಕಲ್‌ಗಳಿಗೆ ಸಿಕ್ಕಿದ್ದು ಒಂದೇ ಸಾಲು: ‘ಶ್ಯಾಕಲ್, ನಾನಾ ಸೈಜು, 64 ನಗ, ಸರಿ ಇವೆ.’ ಸೇಫ್ಟಿ ಆಫೀಸರು ಅದನ್ನು ಓದಿ ಕೇಳಿದ್ದು ಒಂದೇ ಪ್ರಶ್ನೆ. “ಯಾವ 64?” ಕಾಗದದಲ್ಲಿ ಇರುವ 64 ಮತ್ತು ಗಾಡಿಯಲ್ಲಿ ಇರುವ 64 ಒಂದೇ ಎಂದು ತೋರಿಸಲು ನಮ್ಮ ಹತ್ತಿರ ಏನೂ ಇರಲಿಲ್ಲ.

ಇದು ಅವರ ಕಿರಿಕಿರಿ ಎಂದು ಗೇಟಿನಲ್ಲಿ ಬಹಳ ಜನ ಬೈದುಕೊಳ್ಳುತ್ತಾರೆ. ಆದರೆ 1948ರ ಕಾರ್ಖಾನೆ ಕಾಯ್ದೆಯ 29ನೇ ಸೆಕ್ಷನ್‌ನಲ್ಲಿ ಎತ್ತುವ ಸಾಮಾನು ಎಂದರೆ ಏನು ಎಂದು ಹೇಳುವಾಗ ಸ್ಲಿಂಗು, ಹುಕ್ಕುಗಳ ಜೊತೆ ಶ್ಯಾಕಲ್ಲನ್ನೂ ಹೆಸರು ಹಿಡಿದು ಬರೆದಿದ್ದರು. ಹನ್ನೆರಡು ತಿಂಗಳಿಗೊಮ್ಮೆಯಾದರೂ ಕಾಂಪಿಟೆಂಟ್ ಪರ್ಸನ್ ಪೂರ್ತಿ ತಪಾಸಣೆ ಮಾಡಬೇಕು, ರಿಜಿಸ್ಟರ್ ಇಡಬೇಕು ಎನ್ನುವುದು ಅಲ್ಲಿಂದಲೇ ಬಂದ ಪದ್ಧತಿ. ಕ್ರೇನಿಗೆ ಮಾತ್ರ ಸರ್ಟಿಫಿಕೇಟು ಸಾಕು ಎಂದು ತಿಳಿದು ಬರುವವರು ಮೊದಲ ದಿನವೇ ವಾಪಸು ಹೋಗುತ್ತಾರೆ.

ಮೊದಲ ದಿನ ಬೆಳಿಗ್ಗೆ ಒಂಬತ್ತಕ್ಕೆ ಟೋಕನ್ ತಗೊಂಡು ಗಾಡಿ ನಿಲ್ಲಿಸಿದೆವು. ತಪಾಸಣೆಗೆ ಕರೆದದ್ದು ಮಧ್ಯಾಹ್ನ ಮೂರಕ್ಕೆ, ಜಿಟಿಜಿಟಿ ಮಳೆಯಲ್ಲಿ. ಇಲ್ಲಿ ಒಂದು ಮಾತು. ಸಾಮಾನು ತೊಳೆದುಕೊಂಡೇ ಹೋಗಬೇಕು. ಗ್ರೀಸು, ಸಿಮೆಂಟು ಧೂಳು ಸೇರಿ ಕಲ್ಲಾಗಿ ಕೂತ ಶ್ಯಾಕಲ್ಲಿನ ಮೈಮೇಲೆ ಅಕ್ಷರವೂ ಕಾಣದು, ಸೀಳೂ ಕಾಣದು. ಸೀಮೆಎಣ್ಣೆ ಇಲ್ಲವೇ ಡೀಸೆಲ್ಲಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ತಂತಿ ಬ್ರಷ್ಷಿನಿಂದ ಉಜ್ಜಿ, ಪಿನ್ನಿನ ಆಟೆ (ತಿರುಪಿನ ಗೆರೆ) ಮತ್ತು ಕಿವಿಯ ಒಳ ಆಟೆ ಎರಡನ್ನೂ ಬಿಡಿಸಿ ಒರೆಸಬೇಕು. ನಾವು ಮಾಡಿರಲಿಲ್ಲ. ಗೇಟಿನ ಹೊರಗೆ ತಾಡಪತ್ರಿ ಹಾಸಿಕೊಂಡು ಮಳೆಯಲ್ಲಿ ಕೂತು ಉಜ್ಜಿದೆವು. ಅರ್ಧ ಆಗುವಷ್ಟರಲ್ಲಿ ಐದು ಗಂಟೆ, ಆಫೀಸು ಬಂದ್.

ಎರಡನೆಯ ದಿನ ಒಂದೊಂದಾಗಿ ನೋಡಿದರು. 64ರಲ್ಲಿ 43 ಹೊರಗೆ ಬಿದ್ದವು. ಕಾರಣಗಳು ಹೀಗಿದ್ದವು.

23ರ ಮೈಮೇಲೆ ಓದಲು ಏನೂ ಇರಲಿಲ್ಲ. ಶ್ಯಾಕಲ್ಲಿನ ಬಿಲ್ಲಿನ ಮೇಲೆ ತಯಾರಕರ ಗುರುತು, ಸೈಜು, ಎಷ್ಟು ಟನ್ ಎತ್ತಬಹುದು ಎನ್ನುವ ಸಂಖ್ಯೆ, ಬ್ಯಾಚಿನ ಕೋಡು ಉಬ್ಬು ಅಕ್ಷರದಲ್ಲಿ ಇರಬೇಕು. ಆ ಸಂಖ್ಯೆಯ ಮುಂದೆ ಡಬ್ಲ್ಯುಎಲ್‌ಎಲ್ ಎಂದೋ ಎಸ್‌ಡಬ್ಲ್ಯುಎಲ್ ಎಂದೋ ಇರುತ್ತದೆ. ನಮ್ಮ ಕೆಲವಕ್ಕೆ ಮೊದಲಿಂದಲೂ ಇರಲಿಲ್ಲ, ಕೆಲವದ್ದು ಸವೆದುಹೋಗಿತ್ತು, ಮೂರರದ್ದನ್ನು ಚೆಂದ ಕಾಣಲಿ ಎಂದು ಯಾರೋ ಗ್ರೈಂಡರ್ ಹಿಡಿದು ಅಳಿಸಿದ್ದರು. ನಮ್ಮ ಹಿರಿಯ ಮಿಸ್ತ್ರಿ ಕಾಕಾ ಬಿಡಲಿಲ್ಲ. “ಹತ್ತು ವರ್ಷದಿಂದ ಇದರಾಗೇ ಎತ್ತಲತ್ತೀವ್ರಿ ಸರ, ಏನೂ ಆಗಿಲ್ಲ.” ಆಫೀಸರು ಸಿಟ್ಟಾಗಲಿಲ್ಲ. “ಕಾಕಾ, ಇದು ಎಷ್ಟು ಟನ್ನಿಂದು ಹೇಳ್ರಿ, ಬರಕೋತೀನಿ.” ಕಾಕಾ ಒಮ್ಮೆ ಐದು ಅಂದರು, ಒಮ್ಮೆ ಆರು ಅಂದರು. ಮಾತು ಅಲ್ಲಿಗೆ ಮುಗಿಯಿತು.

9ರಲ್ಲಿ ಪಿನ್ನು ಬೇರೆ ಶ್ಯಾಕಲ್ಲಿನದು. ಇದನ್ನು ಹಿಡಿಯುವುದು ಸುಲಭ. 19 ಮಿ.ಮೀ. ಬಿಲ್ಲಿನ 4.75 ಟನ್ ಶ್ಯಾಕಲ್ಲಿಗೆ ಪಿನ್ನು 22 ಮಿ.ಮೀ. ಇರುತ್ತದೆ, ಬಿಲ್ಲಿಗಿಂತ ಒಂದು ಸೈಜು ದಪ್ಪ. ಪಿನ್ನು ಬಿಲ್ಲಿನಷ್ಟೇ ದಪ್ಪ ಇದ್ದರೆ ಅನುಮಾನ ಪಡಬೇಕು. ಎರಡು ಕಡೆ ಪಿನ್ನೇ ಅಲ್ಲ, ಅಂಗಡಿಯ ಮಾಮೂಲಿ ಬೋಲ್ಟು ಹಾಕಿದ್ದರು. ಶ್ಯಾಕಲ್ಲಿನ ಪಿನ್ನು ಎರಡು ಕಿವಿಗಳ ನಡುವೆ ಬಾಗುವ ಭಾರವನ್ನು ಹೊರಬೇಕು, ಅದಕ್ಕೆಂದೇ ಅದನ್ನು ಬಡಿದು, ಹದ ಹಾಕಿ ಮಾಡಿರುತ್ತಾರೆ. ಮಾಮೂಲಿ ಬೋಲ್ಟು ಅಲ್ಲಿ ಬಾಗುತ್ತದೆ. ಬಾಗಿದ ಬೋಲ್ಟು ಕಿವಿಗಳನ್ನು ಅಗಲಿಸುತ್ತದೆ. ಆಮೇಲೆ ಒಂದು ಕಡೆಯಿಂದ ಜಾರಿ ಹೊರಬರುತ್ತದೆ.

5ರ ಪಿನ್ನಿನ ತಲೆಗೆ ಸರಳಿನ ತುಂಡು ಬೆಸುಗೆ ಹಾಕಿದ್ದರು, ತಿರುಗಿಸಲು ಹಿಡಿ ಬೇಕೆಂದು. ಕೆಲಸಕ್ಕೆ ಹಗುರ ಅನಿಸುವ ಈ ಜುಗಾಡು ನಮ್ಮ ಕಡೆ ಬಹಳ. ಹದ ಹಾಕಿದ ಉಕ್ಕಿಗೆ ಬೆಸುಗೆಯ ಶಾಖ ತಗುಲಿದರೆ ಆ ಜಾಗದಲ್ಲಿ ಹದ ಕೆಡುತ್ತದೆ, ಅಂಚಿನಲ್ಲಿ ಕೂದಲೆಳೆಯ ಸೀಳು ಹುಟ್ಟುತ್ತದೆ. ಬೆಸುಗೆ ಕೆಲಸದ ಹತ್ತಿರ ಬಿದ್ದಿದ್ದ ಶ್ಯಾಕಲ್ಲಿಗೆ ರಾಡು ತಗುಲಿ ಚುಕ್ಕಿ ಬಿದ್ದಿದ್ದರೂ ಅದನ್ನು ಬಳಸುವಂತಿಲ್ಲ.

4 ಸವೆದಿದ್ದವು. ಲೆಕ್ಕ ಹತ್ತರಲ್ಲಿ ಒಂದು ಭಾಗ. 19 ಮಿ.ಮೀ. ಬಿಲ್ಲು 17.1ಕ್ಕಿಂತ ಕೆಳಗೆ, 22ರ ಪಿನ್ನು 19.8ಕ್ಕಿಂತ ಕೆಳಗೆ ಇಳಿದರೆ ಹೊರಗೆ. ವರ್ನಿಯರನ್ನು ಬಿಲ್ಲಿನ ತುದಿ ಮೇಲೆ, ಸ್ಲಿಂಗು ಕೂರುವ ಜಾಗದಲ್ಲೇ ಇಡಬೇಕು. ಬದಿಯಲ್ಲಿ ಅಳೆದರೆ ಯಾವಾಗಲೂ ಹೊಸದರಂತೆ ಕಾಣುತ್ತದೆ. ಪಿನ್ನಿಗಾದರೆ ನಡುವಿನಲ್ಲಿ.

ಉಳಿದ 2ರ ಬಾಯಿ ತೆರೆದಿತ್ತು. ಪಿನ್ನನ್ನು ಕೈಯಿಂದಲೇ ಕೊನೆಯವರೆಗೆ ತಿರುಗಿಸಲು ಬಂದರೆ ಕಿವಿಗಳು ನೇರ ಇವೆ ಎಂದರ್ಥ. ಸ್ಪ್ಯಾನರು ಹಾಕಿದರಷ್ಟೇ ಒಳಹೋಗುತ್ತದೆ ಅಂದರೆ ಆಟೆಯಲ್ಲಿ ಕೊಳೆ ಇರಬೇಕು, ಇಲ್ಲವೇ ಪಿನ್ನು ಬಾಗಿರಬೇಕು, ಇಲ್ಲವೇ ಕಿವಿ ಸೊಟ್ಟಗಾಗಿರಬೇಕು. ಪಿನ್ನು ಬಾಗಿದೆಯೋ ನೋಡಲು ಸಪಾಟಾದ ತಗಡಿನ ಮೇಲೆ ಉರುಳಿಸಿದರೆ ಸಾಕು, ಕುಂಟುತ್ತಾ ಉರುಳುತ್ತದೆ.

ಇಷ್ಟಾದ ಮೇಲೆ ಉಳಿದದ್ದು 21. ಅದರಲ್ಲಿ ನಮ್ಮ ಕೆಲಸಕ್ಕೆ ಬೇಕಾದ ಸೈಜಿನವು ಎರಡೇ.

ಹೊಸದು ತರಲು ಮೊದಲು ಹೋದದ್ದು ಕಲಬುರಗಿಗೆ. ಒಂದು ಅಂಗಡಿಯಲ್ಲಿ ಮುನ್ನೂರು ರೂಪಾಯಿಗೆ ಒಂದು ಎಂದು ಹೊಳೆಯುವ ಶ್ಯಾಕಲ್ ಇಟ್ಟರು. ಮೈಮೇಲೆ ಚಾಕ್‌ಪೀಸಿನಲ್ಲಿ ‘5 ಟನ್’ ಎಂದಿತ್ತು. “ತಡೀತದ್ರಿ, ಏನ್ ಆಗಂಗಿಲ್ಲ.” ಸರ್ಟಿಫಿಕೇಟು ಕೇಳಿದರೆ ಜಿಎಸ್‌ಟಿ ರಸೀದಿ ಕೊಡುತ್ತೇನೆ ಎಂದರು. ಗಮನಿಸಿ, ಈ ಸೈಜುಗಳಲ್ಲಿ ನಿಜವಾದ ಎತ್ತುವ ಶ್ಯಾಕಲ್‌ಗಳ ಸಂಖ್ಯೆಗಳೇ ಬೇಸರ ತರಿಸುವಂಥವು: 2, 3.25, 4.75, 6.5, 8.5, 9.5, 12, 13.5, 17. ಈ ಸಾಲಿನಲ್ಲಿ ಐದು ಟನ್ ಎಂದು ದುಂಡಗೆ ಹೇಳಿದರೆ ಗ್ರೇಡು ಯಾವುದು, ತಯಾರಿಸಿದವರ ಕಾಗದ ಎಲ್ಲಿ ಎಂದು ಕೇಳಿ. ಲಾರಿಯ ಹಗ್ಗ ಕಟ್ಟಲು, ಗೇಟಿನ ಸರಪಳಿಗೆ ಹಾಕಲು ಮಾರುವ ಶ್ಯಾಕಲ್‌ಗಳೂ ಅದೇ ಗೂಡಿನಲ್ಲಿ ಇರುತ್ತವೆ. ನೋಟದಲ್ಲಿ ಭೇದ ತಿಳಿಯದು.

ಮರುದಿನ ವಾಡಿಯಿಂದ ರೈಲು ಹಿಡಿದು ಸಿಕಂದರಾಬಾದಿನ ರಾಣಿಗಂಜಿಗೆ ಇಬ್ಬರು ಹೋದರು. ಅಲ್ಲಿ ಸಿಕ್ಕಿತು. ಗುರುತಿರುವ ತಯಾರಕರ 4.75 ಟನ್ ಬೋ ಶ್ಯಾಕಲ್, ನಟ್ಟು ಮತ್ತು ಅದು ಬಿಚ್ಚಿಕೊಳ್ಳದಂತೆ ತಡೆಯುವ ಸ್ಪ್ಲಿಟ್ ಪಿನ್ ಇರುವ ಬೋಲ್ಟ್ ಮಾದರಿ, ಒಂದಕ್ಕೆ ಸಾವಿರದ ಆಸುಪಾಸು. 12 ತಗೊಂಡರು. 6.5 ಟನ್ನಿನವು 4. ಒಟ್ಟು ಹದಿನೆಂಟು ಸಾವಿರದ ಮೇಲೆ ಬಂತು. ಅದೇ ಹೊತ್ತಿಗೆ ಅಗ್ಗದ್ದು ತಂದಿದ್ದರೆ ಐದು ಸಾವಿರ ಎಂದು ಗ್ಯಾಂಗಿನಲ್ಲಿ ಗೊಣಗಾಟ ಆಯಿತು. ಆದರೆ ಅದನ್ನು ಗೇಟಿನೊಳಗೆ ಒಯ್ಯಲು ಆಗುತ್ತಿರಲಿಲ್ಲ.

ಬೋ ಯಾಕೆ, ಡಿ ಯಾಕಲ್ಲ? ಡಿ ಶ್ಯಾಕಲ್ಲಿನ ಹೊಟ್ಟೆ ಕಿರಿದು, ಅದು ನೇರ ಎಳೆತಕ್ಕೆ ಮಾತ್ರ. ಎರಡು ಸ್ಲಿಂಗು ಕೂಡಿಸಬೇಕಾದಲ್ಲಿ, ಸ್ಲಿಂಗು ಸ್ವಲ್ಪ ಆಚೀಚೆ ವಾಲುವಲ್ಲಿ ದುಂಡು ಹೊಟ್ಟೆಯ ಬೋ ಬೇಕು. ಪಿನ್ನಿನ ವಿಷಯದಲ್ಲಿ ನಮ್ಮ ಅಭಿಪ್ರಾಯ ಇದು: ದಿನಕ್ಕೆ ಹತ್ತು ಸಲ ಹಾಕಿ ತೆಗೆಯುವಲ್ಲಿ ಸ್ಕ್ರೂ ಪಿನ್ (ನಟ್ಟಿಲ್ಲದೆ ಕಿವಿಯ ಆಟೆಗೇ ತಿರುಗಿಸುವುದು) ಸಾಕು. ಒಂದು ಶಿಫ್ಟು ಪೂರ್ತಿ ತೂಗುಬಿಡುವುದು, ಅಲುಗಾಟ ಇರುವುದು, ಕೈ ಮುಟ್ಟದ ಎತ್ತರದಲ್ಲಿ ಇರುವುದು, ಇಂಥ ಕಡೆ ನಟ್ಟು-ಸ್ಪ್ಲಿಟ್ ಪಿನ್ನಿನದೇ ಆಗಬೇಕು. ಸ್ಪ್ಲಿಟ್ ಪಿನ್ ಕಳೆದರೆ ಮೊಳೆ ಅಥವಾ ವೆಲ್ಡಿಂಗ್ ರಾಡಿನ ತುಂಡು ಬಗ್ಗಿಸಿ ಹಾಕುವ ರೂಢಿ ಬಿಡಬೇಕು. ಒಂದು ಪೊಟ್ಟಣ ಸ್ಪ್ಲಿಟ್ ಪಿನ್ ಒಂದು ಚಹಾದ ಖರ್ಚಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ.

ತಂದ ಮೇಲೆ ಮನೆಯಲ್ಲಿ ಕೂತು ಸರ್ಟಿಫಿಕೇಟು ಹೊಂದಿಸಿದಾಗ ಮತ್ತೊಂದು ತೊಡಕು. ಕಾಗದದಲ್ಲಿದ್ದ ಬ್ಯಾಚ್ ಕೋಡು 14ರ ಮೈಮೇಲೆ ಇತ್ತು, 2ರ ಮೈಮೇಲೆ ಬೇರೆ ಕೋಡು. ಅಂಗಡಿಯವನು ಎರಡು ಪೆಟ್ಟಿಗೆ ಬೆರೆಸಿ ಕೊಟ್ಟಿದ್ದ. ಫೋನು ಮಾಡಿದರೆ ಎರಡನೆಯ ಬ್ಯಾಚಿನ ಕಾಗದ ವಾಟ್ಸ್ಯಾಪಿಗೆ ಹಾಕಿದ. ಕಾರ್ಖಾನೆಯವರು ಸೀಲು-ಸಹಿ ಇರುವ ಪ್ರತಿಯೇ ಬೇಕೆಂದರು. ಕೊರಿಯರ್ ಬರಲು ಎರಡು ದಿನ. ಕೌಂಟರಿನಲ್ಲಿ ನಿಂತೇ, ದುಡ್ಡು ಎಣಿಸುವ ಮೊದಲು, ಒಂದೊಂದು ಶ್ಯಾಕಲ್ಲಿನ ಕೋಡು ಓದಿ ಕಾಗದದ ಮೇಲೆ ಟಿಕ್ ಹಾಕಿಕೊಳ್ಳಿ. ಶ್ಯಾಕಲ್ಲಿನ ಬಿಲ್ಲಿನ ಮೇಲೆ ಒಂದು, ಪಿನ್ನಿನ ತಲೆಯ ಮೇಲೆ ಒಂದು, ಎರಡನ್ನೂ ನೋಡಿ.

ಕಾಂಪಿಟೆಂಟ್ ಪರ್ಸನ್ ಸಿಗುವುದು ತಡ. ಶಟ್‌ಡೌನ್ ತಿಂಗಳಲ್ಲಿ ಎಲ್ಲರೂ ಅವರನ್ನೇ ಹುಡುಕುತ್ತಿರುತ್ತಾರೆ. ಯಾರಿಗೆ ಈ ಅಧಿಕಾರ ಕೊಡಬೇಕು ಎನ್ನುವುದು ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಗೆ ಬಿಟ್ಟದ್ದು. ಅವರ ಮಾನ್ಯತೆ ಪತ್ರದ ಅವಧಿ ಮುಗಿದಿಲ್ಲವೆಂದು, ಅದರಲ್ಲಿ ಎತ್ತುವ ಸಾಮಾನಿನ ಹೆಸರು ಇದೆಯೆಂದು ಮೊದಲೇ ನೋಡಿ. ಪ್ರೆಷರ್ ವೆಸೆಲ್ಲಿಗೆ ಮಾತ್ರ ಮಾನ್ಯತೆ ಇರುವವರ ಸಹಿ ಇಲ್ಲಿ ನಡೆಯದು. ನಮಗೆ ಮೂರು ದಿನ ಕಾಯಿಸಿ ನಾಲ್ಕನೆಯ ದಿನ ಬಂದರು. ಶ್ಯಾಕಲ್ಲಿಗೆ ಒಂದಕ್ಕೆ 150 ರೂಪಾಯಿ, ಬಂದು ಹೋಗುವ ಖರ್ಚು ಬೇರೆ. ಅವರು ಭಾರ ಹಾಕಿ ಎಳೆಯಲಿಲ್ಲ. ವರ್ನಿಯರು, ಕನ್ನಡಿ, ಟಾರ್ಚು, ಅನುಮಾನ ಬಂದ ಮೂರಕ್ಕೆ ಡೈ ಪೆನೆಟ್ರಂಟ್. ಕೆಂಪು ದ್ರವ ಬಳಿದು ಸುಮಾರು ಹತ್ತು ನಿಮಿಷ ಬಿಟ್ಟು, ಒರೆಸಿ, ಬಿಳಿ ಪುಡಿ ಸಿಂಪಡಿಸಿದರೆ ಸೀಳಿದ್ದಲ್ಲಿ ಕೆಂಪು ಗೆರೆ ಮೂಡುತ್ತದೆ. ಒಂದರಲ್ಲೂ ಮೂಡಲಿಲ್ಲ.

ಪ್ರತಿ ವರ್ಷ ಪ್ರೂಫ್ ಲೋಡ್ ಹಾಕಿಸಿ ಎಂದು ಏಜೆಂಟರು ಗಂಟು ಬೀಳುತ್ತಾರೆ. ಪ್ರೂಫ್ ಲೋಡ್ ಎಂದರೆ ನಮ್ಮ ಸೈಜುಗಳಲ್ಲಿ ಬರೆದ ಭಾರದ ಎರಡು ಪಟ್ಟು, ಅದನ್ನು ತಯಾರಿಸಿದವರು ಹೊಸದರಲ್ಲೇ ಹಾಕಿ ನೋಡಿರುತ್ತಾರೆ. ಚೆನ್ನಾಗಿರುವ ಶ್ಯಾಕಲ್ಲನ್ನು ವರ್ಷ ವರ್ಷ ಎರಡು ಪಟ್ಟು ಎಳೆಯುವುದರಿಂದ ಅದಕ್ಕೆ ಲಾಭವಿಲ್ಲ. ಕಾರ್ಖಾನೆಯವರು ಬರೆದು ಕೇಳಿದ್ದರೆ ಮಾಡಿಸಿ, ಇಲ್ಲದಿದ್ದರೆ ಅಳತೆ, ಕಣ್ಣಿನ ತಪಾಸಣೆ ಸಾಕು. ಒಡೆಯುವ ಭಾರ ಐದು ಪಟ್ಟು ಇರುತ್ತದೆ ಎನ್ನುವುದು ನಿಜ. ಆ ಐದು ಪಟ್ಟು ಇರುವುದು ಜರ್ಕಿಗೆ, ಸವೆತಕ್ಕೆ, ನಮ್ಮ ಲೆಕ್ಕದ ತಪ್ಪಿಗೆ. ಅದರಲ್ಲಿ ಪಾಲು ಕೇಳಬಾರದು.

ಈ ಸಲ ವರದಿಯಲ್ಲಿ ಒಂದೊಂದು ಶ್ಯಾಕಲ್ಲಿಗೆ ಒಂದೊಂದು ಸಾಲು: ನಮ್ಮ ನಂಬರು, ಬ್ಯಾಚ್ ಕೋಡು, ಬಿಲ್ಲಿನ ಅಳತೆ, ಪಿನ್ನಿನ ಅಳತೆ, ಭಾರ. ನಮ್ಮ ನಂಬರನ್ನು ಶ್ಯಾಕಲ್ಲಿನ ಮೈಮೇಲೆ ಪಂಚ್ ಹೊಡೆಯಲಿಲ್ಲ. ಎಲ್ಲೆಂದರಲ್ಲಿ ಪಂಚ್ ಹೊಡೆದರೆ ಆ ಗುಂಡಿಯಿಂದಲೇ ಸೀಳು ಶುರುವಾಗಬಹುದು. ಅಲ್ಯುಮಿನಿಯಂ ಬಿಲ್ಲೆಯ ಮೇಲೆ ಹೊಡೆದು ತೆಳು ತಂತಿಯಲ್ಲಿ ಕಟ್ಟಿದೆವು. ಬಣ್ಣದ ಗುರುತು ಕಾರ್ಖಾನೆಯವರೇ ಹಾಕಿದರು, ಆ ಮೂರು ತಿಂಗಳಿನದು ಹಸಿರು. ಪಕ್ಕದ ಕಾರ್ಖಾನೆಯಲ್ಲಿ ಅದೇ ತಿಂಗಳಿಗೆ ಹಳದಿ ಇರಬಹುದು, ಹಳೆಯ ಬಣ್ಣ ನೋಡಿ ಮೋಸ ಹೋಗಬೇಡಿ. ಬಣ್ಣ ಅಕ್ಷರದ ಮೇಲೆ ಬೀಳದಂತೆ ನೋಡಿಕೊಳ್ಳಿ. ಒಬ್ಬ ಹುಡುಗ ಉತ್ಸಾಹದಲ್ಲಿ ಇಡೀ ಶ್ಯಾಕಲ್ ಅದ್ದಿಬಿಟ್ಟಿದ್ದ, ಥಿನ್ನರ್ ಹಾಕಿ ತೆಗೆಯಬೇಕಾಯಿತು.

ಹತ್ತನೆಯ ದಿನ ಎತ್ತುವ ಯೋಜನೆ ಬರೆದುಕೊಡಿ ಎಂದರು. ಗೇರ್‌ಬಾಕ್ಸಿನ ನೇಮ್‌ಪ್ಲೇಟಿನಲ್ಲಿ 7,200 ಕೆಜಿ ಇತ್ತು. ಅದು ಎಣ್ಣೆಯಿಲ್ಲದ ತೂಕ. ತಳದಲ್ಲಿ ಉಳಿದ ಎಣ್ಣೆ, ಶಾಫ್ಟಿನಿಂದ ಬಿಡಿಸಲಾಗದ ಅರ್ಧ ಕಪ್ಲಿಂಗು ಸೇರಿಸಿ 7.6 ಟನ್ ಹಿಡಿದೆವು. ನಾಲ್ಕು ಮೂಲೆಗೆ ನಾಲ್ಕು ಲಗ್ಗು, ಅಂದರೆ ಎತ್ತಲೆಂದೇ ತೂತು ಕೊಟ್ಟ ಪಟ್ಟಿ. ನಾಲ್ಕು ಕಾಲಿನ ಸ್ಲಿಂಗಿನಲ್ಲಿ ಭಾರ ನಾಲ್ಕಕ್ಕೂ ಸಮ ಹಂಚುತ್ತದೆ ಎಂದು ಲೆಕ್ಕ ಹಾಕುವವರೇ ಹೆಚ್ಚು. ಗೇರ್‌ಬಾಕ್ಸು ಬಾಗುವ ವಸ್ತುವಲ್ಲ. ಒಂದು ಸ್ಲಿಂಗು ಅರ್ಧ ಇಂಚು ಹೆಚ್ಚು ಉದ್ದ ಇದ್ದರೆ ಅದು ಸಡಿಲ ಬಿಟ್ಟು, ಎದುರುಬದುರಿನ ಎರಡೇ ಕಾಲು ಭಾರ ಹೊರುತ್ತವೆ. ಹಾಗಾಗಿ ಎರಡಕ್ಕೆ ಹಂಚಿದೆವು, ಒಂದಕ್ಕೆ 3.8 ಟನ್.

ಅದಕ್ಕೆ ಕೋನದ ಪೆಟ್ಟು ಸೇರಬೇಕು. ಸ್ಲಿಂಗು ನೆಲಕ್ಕೆ 60 ಡಿಗ್ರಿಯಲ್ಲಿದ್ದರೆ 1.155ರಿಂದ ಗುಣಿಸಬೇಕು, 4.39 ಟನ್. 45 ಡಿಗ್ರಿಗೆ ಇಳಿದರೆ 1.414, ಆಗ 5.37. 30 ಡಿಗ್ರಿಯಾದರೆ ಎರಡು ಪಟ್ಟು, ಒಂದೊಂದು ಶ್ಯಾಕಲ್ಲಿನ ಮೇಲೂ ಪೂರ್ತಿ 7.6. ನಾವು 60 ಹಿಡಿದು 4.75 ಟನ್ ಶ್ಯಾಕಲ್ ಸಾಕೆಂದು ಬರೆದಿದ್ದೆವು. ಜಾಗಕ್ಕೆ ಹೋಗಿ ಟೇಪು ಹಿಡಿದಾಗ ಬಣ್ಣ ಬಯಲಾಯಿತು. ಮೇಲೆ ಇದ್ದ ಮೊನೊರೇಲಿಗೆ (ಒಂಟಿ ತೊಲೆ) ಚೈನ್ ಬ್ಲಾಕ್ (ಸರಪಳಿ ಎಳೆದು ಎತ್ತುವ ರಾಟೆ) ಹಾಕಿದರೆ, ಲಗ್ಗಿನಿಂದ ಹುಕ್ಕಿನವರೆಗೆ ಉಳಿಯುವುದು 1.25 ಮೀಟರ್. ಕರ್ಣಕ್ಕೆ ಎದುರು ಲಗ್ಗುಗಳ ಅಂತರ 2.4 ಮೀಟರ್. ಅಂದರೆ ಕೋನ 46ರ ಹತ್ತಿರ. 4.75ರ ಶ್ಯಾಕಲ್ ನಡೆಯದು.

ಸರಿ, 6.5 ಟನ್ನಿನವು ನಾಲ್ಕು ತಂದಿದ್ದೆವಲ್ಲ, ಅವನ್ನು ಹಾಕೋಣ ಎಂದರೆ ಅದರ ಪಿನ್ನು 25 ಮಿ.ಮೀ., ಲಗ್ಗಿನ ತೂತು 24. “ಒಂದು ಮಿಲ್ಲಿಮೀಟರ್ ಅಲ್ಲೇನ್ರಿ, ರೀಮರ್ ಹಾಕಿ ದೊಡ್ಡದು ಮಾಡಿಬಿಡೋಣ” ಎಂದರು ಒಬ್ಬರು. ಗೇರ್‌ಬಾಕ್ಸ್ ಮಾಡಿದವರು ಕೊಟ್ಟ ತೂತನ್ನು ದೊಡ್ಡದು ಮಾಡುವುದು ಎಂದರೆ ಲಗ್ಗಿನ ಅಂಚು ತೆಳ್ಳಗೆ ಮಾಡುವುದು. ಅದಕ್ಕೆ ಅನುಮತಿ ಕೊಡುವವರು ನಾವಲ್ಲ. ಅರ್ಧ ದಿನ ವಾದ ನಡೆಯಿತು. ಕೊನೆಗೆ ಚಾವಣಿಯ ನಾಲ್ಕು ಶೀಟು ಬಿಚ್ಚಿ, ಹೊರಗಿನಿಂದ 50 ಟನ್ ಟೆಲಿಸ್ಕೋಪಿಕ್ ಕ್ರೇನು ಹಾಕುವುದೆಂದಾಯಿತು. ಕ್ರೇನಿನ ಹುಕ್ಕಿಗೆ ಎತ್ತರದ ತೊಂದರೆ ಇಲ್ಲ, 2.5 ಮೀಟರ್ ಸ್ಲಿಂಗು ಹಾಕಬಹುದು. ನೆನಪಿಡಲು ಸುಲಭದ ಲೆಕ್ಕ ಒಂದಿದೆ: ಎದುರುಬದುರಿನ ಲಗ್ಗುಗಳ ನಡುವೆ ಎಷ್ಟು ಅಂತರವೋ ಸ್ಲಿಂಗಿನ ಕಾಲೂ ಅಷ್ಟೇ ಉದ್ದವಿದ್ದರೆ ಮೂರೂ ಬದಿ ಸಮ, ಕೋನ 60. ಕಾಲು ಅದಕ್ಕಿಂತ ಗಿಡ್ಡವಾದಷ್ಟೂ ಶ್ಯಾಕಲ್ಲಿನ ಮೇಲೆ ಭಾರ.

ಸೈಟಿಗೆ ಮೊದಲ ದಿನವೇ ಹೋಗಿ ನಾಲ್ಕು ಅಳತೆ ತಗೊಂಡಿದ್ದರೆ 6.5ರ ನಾಲ್ಕು ಶ್ಯಾಕಲ್ಲಿನ ದುಡ್ಡೂ ಈ ಅರ್ಧ ದಿನವೂ ಉಳಿಯುತ್ತಿತ್ತು. ಲಗ್ಗಿನ ತೂತು, ಲಗ್ಗಿನ ದಪ್ಪ, ಲಗ್ಗುಗಳ ಅಂತರ, ಮೇಲಿನ ಎತ್ತರ. ಜೊತೆಗೆ ಲಗ್ಗು ಯಾವ ಕಡೆ ಮುಖ ಮಾಡಿದೆ ಎನ್ನುವುದನ್ನೂ ನೋಡಿ. ನಮ್ಮವು ಮೂಲೆಯಿಂದ ನಡುವಿನ ಕಡೆ ತಿರುಗಿದ್ದವು, ಎಳೆತ ಶ್ಯಾಕಲ್ಲಿಗೆ ನೇರ ಸಿಕ್ಕಿತು. ಲಗ್ಗು ಬೇರೆ ಕಡೆ ತಿರುಗಿದ್ದರೆ ಶ್ಯಾಕಲ್ ಅಡ್ಡಕ್ಕೆ ಎಳೆಸಿಕೊಳ್ಳುತ್ತದೆ. ಬೋ ಶ್ಯಾಕಲ್ ಸ್ವಲ್ಪ ತಾಳುತ್ತದೆ, ಆದರೆ 45 ಡಿಗ್ರಿ ವಾಲಿದರೆ ಬರೆದ ಭಾರದ ನೂರರಲ್ಲಿ 70 ಪಾಲು ಮಾತ್ರ ಲೆಕ್ಕ, ಪೂರ್ತಿ ಅಡ್ಡ ಬಿದ್ದರೆ ಅರ್ಧ. 4.75 ಎನ್ನುವುದು ಆಗ 2.37.

ಹನ್ನೊಂದನೆಯ ದಿನ ಪರ್ಮಿಟ್ಟು ಕೈಗೆ ಬಂತು. ಹಿಂದಿನ ರಾತ್ರಿ ಮಳೆ ಜಡಿದಿತ್ತು. ಕ್ರೇನು ನಿಲ್ಲುವ ಜಾಗ ನಮ್ಮ ಎರೆಮಣ್ಣು, ಒಣಗಿದ್ದಾಗ ಕಲ್ಲು, ನೆನೆದಾಗ ಹಿಟ್ಟು. ಔಟ್‌ರಿಗರ್ (ಕ್ರೇನಿನ ಆಧಾರದ ಕಾಲು) ಚಾಚಿದ ಕೂಡಲೇ ಒಂದು ಕಾಲು ಗೇಣುದ್ದ ಒಳಗಿಳಿಯಿತು. ಸ್ಲೀಪರು ಮತ್ತು ದಪ್ಪ ಪ್ಲೇಟು ತರಿಸಿ ಹಾಸಿ, ಮೇಲೆ ಲೆವೆಲ್ ನೋಡಿ ಎತ್ತಲು ಶುರುಮಾಡುವ ಹೊತ್ತಿಗೆ ಊಟದ ಸಮಯ. ಶ್ಯಾಕಲ್ಲಿನ ಮಾತಿಗೆ ಇದು ಹೊರಗಿನದಲ್ಲ. ಕ್ರೇನು ಒಂದು ಕಡೆ ವಾಲಿದರೆ ಎತ್ತಿದ ಭಾರ ತೂಗುತ್ತದೆ, ನೇರ ಎಳೆತ ಅಡ್ಡ ಎಳೆತವಾಗುತ್ತದೆ.

ಶ್ಯಾಕಲ್ ಹಾಕಿದ್ದು ಹೀಗೆ. ಪಿನ್ನು ಲಗ್ಗಿನ ತೂತಿನಲ್ಲಿ, ಸ್ಲಿಂಗಿನ ಥಿಂಬಲ್ ಕಣ್ಣು ಬಿಲ್ಲಿನಲ್ಲಿ. 4.75ರ ಶ್ಯಾಕಲ್ಲಿನ ಬಾಯಿ 32 ಮಿ.ಮೀ., ಲಗ್ಗಿನ ದಪ್ಪ 20. ಉಳಿದ 12 ಮಿ.ಮೀ. ಖಾಲಿ ಬಿಟ್ಟರೆ ಶ್ಯಾಕಲ್ ಒಂದು ಬದಿಗೆ ಸರಿದು ಒಂದೇ ಕಿವಿಯ ಮೇಲೆ ಭಾರ ಕೂರುತ್ತದೆ. ಎರಡೂ ಬದಿ ವಾಷರು ತುಂಬಿ ನಡುವಿಗೆ ತಂದೆವು. ನಟ್ಟು ಪೂರ್ತಿ ಬಿಗಿಸಿ, ಸ್ಪ್ಲಿಟ್ ಪಿನ್ ಹಾಕಿ ಎರಡೂ ಕಾಲು ಮಡಚಿದೆವು. ಮೇಲೆ ಸ್ಲಿಂಗಿನ ನಾಲ್ಕು ಕಾಲೂ ಮಾಸ್ಟರ್ ಲಿಂಕ್ ಎನ್ನುವ ದೊಡ್ಡ ಬಳೆಗೆ ಸೇರಿದ್ದವು, ಆ ಲಿಂಕು ನೇರ ಕ್ರೇನಿನ ಹುಕ್ಕಿಗೆ. ಚೈನ್ ಬ್ಲಾಕಿನಂಥ ಸಣ್ಣ ಹುಕ್ಕಿಗೆ ಎರಡು ಸ್ಲಿಂಗನ್ನು ಶ್ಯಾಕಲ್ಲಿನಿಂದ ಕೂಡಿಸುವುದಾದರೆ ತಿರುವಿ ಹಾಕಬೇಕು: ಪಿನ್ನು ಹುಕ್ಕಿನಲ್ಲಿ, ವಾಷರಿನಿಂದ ನಡುವಿಗೆ ಹೊಂದಿಸಿ, ಸ್ಲಿಂಗುಗಳು ಬಿಲ್ಲಿನಲ್ಲಿ. ಎರಡು ಸ್ಲಿಂಗಿನ ನಡುವಿನ ಕೋನ 120 ದಾಟಬಾರದು.

ಹಳೆಯ ಗೇರ್‌ಬಾಕ್ಸಿನ ಎಣ್ಣೆ ಪೈಪುಗಳನ್ನು ಇಳಿಸುವಾಗ ಸ್ಕ್ರೂ ಪಿನ್ ಶ್ಯಾಕಲ್ ಬಳಸಿದೆವು. ಅಲ್ಲೇ ಕಾಕಾ ಜೊತೆ ಮತ್ತೊಂದು ಜಗಳ. ಪೂರ್ತಿ ಬಿಗಿಸಿ ಕಾಲು ಸುತ್ತು ಹಿಂದೆ ತಿರುಗಿಸಬೇಕು, ಇಲ್ಲದಿದ್ದರೆ ಆಮೇಲೆ ಬಿಚ್ಚಲು ಬಾರದು ಎನ್ನುವುದು ಅವರ ಗುರುಗಳಿಂದ ಬಂದ ಪಾಠ. ಇದು ನಮ್ಮ ಕಡೆ ಎಲ್ಲ ಖಲಾಸಿಗಳೂ ಕಲಿತ ಪಾಠ, ಮತ್ತು ತಪ್ಪು. ಪಿನ್ನಿನ ಕುತ್ತಿಗೆ ಕಿವಿಗೆ ತಾಗಿ ಕೂರಬೇಕು, ಕೈಯಿಂದ ಬಿಗಿ. ಕಾಲು ಸುತ್ತು ಬಿಟ್ಟ ಪಿನ್ನು ಭಾರ ಅಲುಗಿದಂತೆಲ್ಲ ಮತ್ತಷ್ಟು ಬಿಟ್ಟುಕೊಳ್ಳುತ್ತದೆ. ಬಿಚ್ಚಲು ಬಾರದಂತೆ ಹಿಡಿಯುತ್ತಿದ್ದದ್ದು ಆಟೆಯಲ್ಲಿನ ಸಿಮೆಂಟು ಧೂಳಿನಿಂದ. ಒರೆಸಿ ಒಂದು ಹನಿ ಎಣ್ಣೆ ಬಿಟ್ಟರೆ ಆ ತೊಂದರೆಯೇ ಇಲ್ಲ. ಕಾಕಾ ಒಪ್ಪಲಿಲ್ಲ, ಆದರೆ ಬಿಗಿಸಿದರು.

ಪೈಪಿಗೆ ಕುಣಿಕೆ ಹಾಕುವಾಗ ಇನ್ನೊಂದನ್ನು ನೋಡಿ. ಸ್ಲಿಂಗಿನ ಕಣ್ಣು ಪಿನ್ನಿನ ಮೇಲೆ ಇರಬೇಕು, ಜಾರುವ ಹಗ್ಗ ಬಿಲ್ಲಿನಲ್ಲಿ. ತಿರುವುಮುರುವಾದರೆ ಓಡುವ ಹಗ್ಗವೇ ಪಿನ್ನನ್ನು ತಿರುಗಿಸಿ ಬಿಚ್ಚುತ್ತದೆ. ಕೆಳಗೆ ನಿಂತವರಿಗೆ ಅದು ಕಾಣುವುದೇ ಇಲ್ಲ.

ಮೊದಲು 150 ಮಿ.ಮೀ. ಎತ್ತಿ ಐದು ನಿಮಿಷ ನಿಲ್ಲಿಸಿದೆವು. ನಾಲ್ಕರಲ್ಲಿ ಒಂದು ಸ್ಲಿಂಗು ಸ್ವಲ್ಪ ಸಡಿಲವೇ ಇತ್ತು, ಎರಡಕ್ಕೆ ಹಂಚಿ ಲೆಕ್ಕ ಹಾಕಿದ್ದು ಅಲ್ಲಿ ಕೆಲಸಕ್ಕೆ ಬಂತು. ಶ್ಯಾಕಲ್‌ಗಳು ನೇರ ಇದ್ದವು. ಎರಡು ಕಡೆ ಹಗ್ಗ ಹಿಡಿದು ತಿರುಗದಂತೆ ನೋಡಿಕೊಂಡು ಶೀಟು ತೆಗೆದ ಕಿಂಡಿಯಿಂದ ಹೊರಗೆ ತಂದು “ಆರಿಯಾ, ಆರಿಯಾ” ಎನ್ನುತ್ತ ಲಾರಿಯ ಮೇಲೆ ಇಳಿಸಲು ಇಪ್ಪತ್ತೈದು ನಿಮಿಷ. ಹೊಸದನ್ನು ಕೂರಿಸಿದ್ದು ಮರುದಿನ. ಅಲೈನ್‌ಮೆಂಟ್ ಬೇರೆಯವರ ಕೆಲಸ.

ಅದೇ ಶಟ್‌ಡೌನಿನಲ್ಲಿ ಪ್ರೀಹೀಟರ್ ಸೈಕ್ಲೋನಿನೊಳಗೆ (ಕಿಲ್ನಿಗೆ ಹೋಗುವ ಪುಡಿ ಬಿಸಿಯಾಗುವ ಜಾಗ) ಚೈನ್ ಬ್ಲಾಕ್ ಕಟ್ಟಲು ಶ್ಯಾಕಲ್ ಕೊಡಿ ಎಂದು ಬೇರೆ ಗ್ಯಾಂಗಿನವರು ಕೇಳಿದರು. ಒಳಗಿನ ಶಾಖ ಅಳೆದು ಬನ್ನಿ ಎಂದೆವು. 200 ಡಿಗ್ರಿ ದಾಟಿದಲ್ಲಿ ಬರೆದ ಭಾರವನ್ನು ನಂಬುವಂತಿಲ್ಲ. ಅಂಥ ಕಡೆಯಿಂದ ನೀಲಿ ಬಣ್ಣಕ್ಕೆ ತಿರುಗಿ ಬಂದ ಶ್ಯಾಕಲ್ಲನ್ನು ತಣ್ಣಗಾದ ಮೇಲೂ ಬಳಸಬಾರದು.

ಮುಗಿಸಿ ಬಂದ ಮೇಲೆ ಮೊದಲು ಮಾಡಿದ್ದು ಗೋಡೆಗೆ ಪೈಪಿನ ಸ್ಟ್ಯಾಂಡು. ಸೈಜಿನ ಪ್ರಕಾರ ತೂಗುಹಾಕಿ, ಪ್ರತಿಯೊಂದರ ಪಿನ್ನು ಅದರಲ್ಲೇ ತಿರುಗಿಸಿ ಇಡುವುದು. ಗೋಣಿಚೀಲದಲ್ಲಿ ಒಟ್ಟಿಗೆ ಸುರಿದಾಗಲೇ ಆ ಪಿನ್ನುಗಳು ಅದಲುಬದಲಾಗಿದ್ದವು.

ಹೊರಗೆ ಬಿದ್ದ 43ನ್ನು ಗುಜರಿಗೆ ಹಾಗೇ ಹಾಕಲಿಲ್ಲ, ಹಾಕಿದರೆ ಬಣ್ಣ ಬಳಿದುಕೊಂಡು ಮತ್ತೆ ಅಂಗಡಿಗೆ ಬರುತ್ತವೆ. ಗ್ಯಾಸ್ ಕಟ್ಟರಿನಿಂದ ಬಿಲ್ಲನ್ನು ಎರಡು ತುಂಡು ಮಾಡಿದೆವು. ಎಣಿಸಿದರೆ 42. ಒಂದನ್ನು ಯಾರೋ ಟ್ರ್ಯಾಕ್ಟರಿಗೆ ಟ್ರಾಲಿ ಸಿಕ್ಕಿಸಲು ಒಯ್ದಿದ್ದರು. ಸಂಜೆ ಹೊತ್ತಿಗೆ ಅದನ್ನೂ ತರಿಸಿ ಕತ್ತರಿಸಿದೆವು.